ಕಾಗದದ ಮೇಲಿನ ಹೆಸರು

ಉಲ್ರಿಕಾ ಹ್ಹುಪ್ ಎಂದು ಉಸಿರು ಒಳಗೆ ಎಳೆದುಕೊಂಡಾಗ ಕೆಂಪರಾಜು ಗಾಬರಿಬಿದ್ದು ನೀರು ತರಲು ಎದ್ದ.

"ಏನೂ ಆಗಿಲ್ಲಪ್ಪ, ಕೂತ್ಕೊಳ್ಳಿ" ಎಂದರು ಅನಂತರಾಮು. ಅಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು. ಕೂಗಿ ಕರೆಯುವಷ್ಟು ತ್ರಾಣ ಅನಂತರಾಮುಗೆ ಉಳಿದಿರಲಿಲ್ಲ. ಬೆಳಗ್ಗೆ ಚಿಕ್ಕಲಸಂದ್ರ, ಮಧ್ಯಾಹ್ನ ಜೆ.ಪಿ. ನಗರ, ಈಗ ಜರಗನಹಳ್ಳಿ. ಮೂರು ಮನೆ, ಹಿಂದೆ ಜರಗನಹಳ್ಳಿಯಲ್ಲಿದ್ದ ಮೂವರು ಲಕ್ಷ್ಮಿದೇವಮ್ಮ. ಮೊದಲಿಬ್ಬರೂ ಅಲ್ಲ. ಈ ಮನೆಯವರೂ ಅಲ್ಲವೆಂದರೆ ಪಟ್ಟಿ ಮುಗಿಯಿತು. ನಾಳೆ ಉಲ್ರಿಕಾ ವಿಮಾನ ಹತ್ತುತ್ತಾಳೆ.

ಬಾಗಿಲ ಪಕ್ಕದಲ್ಲಿ ಕೆಂಪರಾಜುವಿನ ಸೋದರತ್ತೆ ಮುನಿಲಕ್ಷ್ಮಮ್ಮ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಬೋಗುಣಿಗೆ, ಸಿಪ್ಪೆ ಮೊರಕ್ಕೆ.

"ಉಬ್ಬಸವೇನಪ್ಪ ಮಗೂಗೆ?"

ನಲವತ್ತಾರು ವರ್ಷದ ಮಗು. ಅನಂತರಾಮುಗೆ ನಗುವುದಕ್ಕೂ ಆಯಾಸ. "ಇಲ್ಲಮ್ಮ. ಸುಸ್ತಾಯ್ತಾ ಅಂತ ಕೇಳ್ದೆ, ಹೌದು ಅಂದ್ರು. ಅವರ ಕಡೆ ಹೌದು ಅನ್ನೋದೇ ಹಾಗೆ. ಬಾಯಿ ಬಿಡಲ್ಲ, ಉಸಿರು ಎಳ್ಕೋತಾರೆ."

"ಆ ದೇಶದಾಗೆ ಎಲ್ರೂನೂವಾ?"

"ಉತ್ತರಕ್ಕೆ, ಬಡಗಲ ಕಡೆ ಹಳ್ಳಿಯವರು ಹಾಗೆ. ನಮ್ಮಲ್ಲಿ ಮಂಡ್ಯ ಬೇರೆ, ಧಾರವಾಡ ಬೇರೆ ಅಲ್ವಾ? ಅಲ್ಲೂ ಅಷ್ಟೇ."

ಅದನ್ನು ಅನಂತರಾಮು ಏಟು ತಿಂದು ಕಲಿತಿದ್ದರು. ಸ್ವೀಡನ್ನಿನ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು, ಸ್ಟಾಕ್‌ಹೋಮಿನ ಎಂಜಿನಿಯರುಗಳಿಂದ ಭಾಷೆ ಕಲಿತು, ಜಯನಗರದಲ್ಲಿ ತಾವೇ ಪಂಡಿತರೆಂದುಕೊಂಡಿದ್ದರು. ನಿವೃತ್ತಿಯಾದ ಮೇಲೆ, ಚಿಕ್ಕಂದಿನಲ್ಲಿ ಇಲ್ಲಿಂದ ಆ ದೇಶಕ್ಕೆ ದತ್ತು ಹೋದವರು ಹೆತ್ತವರನ್ನು ಹುಡುಕಲು ಅವರ ನೆರವು ಕೇಳಿಕೊಂಡು ಬರತೊಡಗಿದರು. ದಕ್ಷಿಣದ ಸ್ಕೋನೆಯವನೊಬ್ಬ ಗಂಟಲಲ್ಲಿ ಉಪ್ಪುನೀರು ಮುಕ್ಕಳಿಸಿದಂತೆ ಮಾತಾಡಿದ. ಗಾಟ್‌ಲ್ಯಾಂಡ್ ದ್ವೀಪದವಳು ಒಂದೊಂದು ಸ್ವರವನ್ನೂ ರಬ್ಬರಿನಂತೆ ಎಳೆದಳು. ಪಂಡಿತರ ಪಾಂಡಿತ್ಯ ಇಳಿಯಿತು. ಈಗ ಈಕೆ ಬಡಗಲವಳು. ಹತ್ತು ಮಾತಿನ ಜಾಗದಲ್ಲಿ ಒಂದಾಡುತ್ತಾಳೆ, ಆ ಒಂದನ್ನೂ ಉಸಿರಲ್ಲಿ ನುಂಗುತ್ತಾಳೆ.

"ಒಳ್ಳೇ ಮಾತು ಬಿಡು" ಎಂದರು ಮುನಿಲಕ್ಷ್ಮಮ್ಮ. "ಬಾಯೇ ಬಿಡಂಗಿಲ್ಲ."

ಕೆಂಪರಾಜು ನೀರು ತಂದ. ಹಿಂದೆಯೇ ಅವನ ತಾಯಿ ಲಕ್ಷ್ಮಿದೇವಮ್ಮ ಕಾಫಿ ತಂದು, ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು.

ಅನಂತರಾಮು ಕಾಗದ ಬಿಡಿಸಿದರು. ಆಸ್ಪತ್ರೆಯದು, ೧೯೭೯ರದು. ತಾಯಿಯ ಹೆಸರು ಲಕ್ಷ್ಮಿದೇವಮ್ಮ, ಜರಗನಹಳ್ಳಿ. ಕೆಳಗೊಂದು ಹೆಬ್ಬೆಟ್ಟು. ಅದರ ಕೆಳಗೆ ಯಾರೋ ಇಂಗ್ಲಿಷಿನಲ್ಲಿ ಬರೆದ ಒಂದು ಸಾಲು: ತಾಯಿ ಮಗುವಿನ ಮುಖ ನೋಡಲು ಒಪ್ಪಲಿಲ್ಲ.

ಉಲ್ರಿಕಾ ಬಂದದ್ದೇ ಆ ಸಾಲಿಗಾಗಿ. ತನ್ನನ್ನು ಯಾಕೆ ಕೊಟ್ಟಳೆಂದು ತಾಯಿಯನ್ನು ಕೇಳುವುದಿಲ್ಲ, ಜೊತೆಗಿರು ಎನ್ನುವುದಿಲ್ಲ. ಕೊಡುವ ಮುಂಚೆ ಒಂದು ಸಲವಾದರೂ ಎತ್ತಿಕೊಂಡಿದ್ದಳೇ, ಅಷ್ಟು ಗೊತ್ತಾದರೆ ಸಾಕು ಎಂದು ಕಾರಿನಲ್ಲಿ ಹೇಳಿದ್ದಳು. ಅಷ್ಟು ಹೊತ್ತು ಆಕೆ ಮಾತಾಡಿದ್ದು ಅದೊಂದೇ ಸಲ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ" ಎಂದರು ಲಕ್ಷ್ಮಿದೇವಮ್ಮ. "ಕಾಗದ ಹೇಳ್ತು, ನೀವು ಬಂದ್ಬಿಟ್ರಿ. ನಾನು ಹೆತ್ತಿದ್ದು ಮೂರು, ಮೂರೂ ಕಣ್ಮುಂದೆ ಅವೆ. ಮಾರಮ್ಮನಾಣೆ, ಈಯಮ್ಮ ನನ್ನ ಮಗಳಲ್ಲ."

ಕಾಗದವನ್ನು ಹತ್ತಿರ ಹಿಡಿದು ನೋಡಿದರು. ದನಿ ಏರಿತು. "ಇದೇನು ಹೆಬ್ಬೆಟ್ಟು? ನಾನು ಏಳನೇ ಕ್ಲಾಸು ಪಾಸು ಮಾಡಿದೋಳು, ರುಜು ಹಾಕ್ತೀನಿ. ಈ ಮನೇಲಿ ಹೆಬ್ಬೆಟ್ಟು ಒತ್ತೋರು..."

ಬಾಗಿಲ ಪಕ್ಕಕ್ಕೊಮ್ಮೆ ನೋಡಿ, ಕಾಗದ ಮಡಿಸಿ ಹಿಂದಕ್ಕೆ ಕೊಟ್ಟರು.

"ಕಾಫಿ ಆರೋಗ್ತದೆ, ಕುಡೀರಿ ಸಾರ್."

ಅನಂತರಾಮು ಕುಡಿದರು. ಸುಳ್ಳು ಹೇಳುವವರು ದೇವರಾಣೆ ಇಡುವಾಗ ಕಣ್ಣು ತಪ್ಪಿಸುತ್ತಾರೆ, ಈಕೆ ತಪ್ಪಿಸಿರಲಿಲ್ಲ. ಇದು ಅವರ ಹನ್ನೊಂದನೆಯ ಹುಡುಕಾಟ. ಆ ಕಾಲದ ಆಸ್ಪತ್ರೆಯ ಹೆಸರುಗಳು ಎರವಲು ತಂದ ಒಡವೆಯಿದ್ದಂತೆ ಎಂದು ಅವರಿಗೆ ಗೊತ್ತು. ಮದುವೆಯಾಗದ ಹುಡುಗಿಯನ್ನು ಹೆರಿಗೆಗೆ ಸೇರಿಸುವಾಗ ಸ್ವಂತ ಹೆಸರು ಯಾರು ಬರೆಸುತ್ತಾರೆ? ಬಾಯಿಗೆ ಬಂದ ಯಾವುದೋ ಮುತ್ತೈದೆಯ ಹೆಸರು. ಅದನ್ನು ನಂಬಿಕೊಂಡು ಹೊರಟರೆ ಹೀಗೇ, ಬರಿಗೈ.

"ಇವರಲ್ಲ" ಎಂದು ಸ್ವೀಡಿಷಿನಲ್ಲಿ ಹೇಳಿದರು. "ತಿಳಿಯಿತಾ?"

ಹ್ಹುಪ್. ತಿಳಿಯಿತು.

ಮುನಿಲಕ್ಷ್ಮಮ್ಮ ತಲೆಯೆತ್ತಿ ಆಕೆಯ ಬಾಯನ್ನೇ ನೋಡಿ, ಮತ್ತೆ ಬೋಗುಣಿಗೆ ಬಗ್ಗಿದರು.

ಉಲ್ರಿಕಾ ಎದ್ದು ಕೈ ಮುಗಿದಳು. ಹೊಸಿಲವರೆಗೆ ಹೋದವಳು ತಿರುಗಿ ನಿಂತು, ಯಾರನ್ನೂ ನೋಡದೆ, ಗೋಡೆಗೆ ಹೇಳುವಂತೆ ಆ ಒಂದು ಪ್ರಶ್ನೆಯನ್ನು ಕೇಳಿಬಿಟ್ಟಳು. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಎಲ್ಲಾದರೂ ಇಳಿಸಬೇಕಿತ್ತು, ಪಾಪ. ಅನಂತರಾಮುಗೆ ಅನುವಾದ ಮಾಡುವುದೇ ಬೇಡವೆನಿಸಿತು. ಆದರೂ ಮೂವತ್ತು ವರ್ಷದ ಅಭ್ಯಾಸ.

"ಅವರಮ್ಮ ಅವರನ್ನ ಒಂದ್ಸಲನಾದ್ರೂ ಎತ್ಕೊಂಡಿದ್ರಾ ಅಂತ ಕೇಳ್ತಿದಾರೆ."

"ನಾನು ಹೆತ್ತಿದ್ರಲ್ವಾ ಹೇಳೋಕೆ?" ಎಂದರು ಲಕ್ಷ್ಮಿದೇವಮ್ಮ. ಈ ಸಲ ದನಿ ಮೆತ್ತಗಿತ್ತು. ಕಣ್ಣು ನೆಲದ ಮೇಲಿತ್ತು.

ಅವರೆಕಾಳು ಹಿತಕುತ್ತಿದ್ದ ಹೆಬ್ಬೆರಳು ನಿಂತಿತು.

ಮುನಿಲಕ್ಷ್ಮಮ್ಮ ಉಲ್ರಿಕಾಳನ್ನು ನೇರವಾಗಿ ನೋಡಿ, ಬಾಯಿ ಬಿಡದೆ ಹ್ಹುಪ್ ಎಂದು ಉಸಿರು ಎಳೆದುಕೊಂಡರು. ಅತ್ತೆಗೆ ಏನೋ ಆಯಿತೆಂದು ಕೆಂಪರಾಜು ಮತ್ತೆ ನೀರು ತರಲು ಓಡಿದ.