ಬಾಗಿಲಿಗೆ ಒತ್ತಿಟ್ಟ ಆಂಪ್ಲಿಫೈಯರ್

ಗೊರಕೆ ಅನ್ನುವುದು ನನ್ನ ಮೂಗಿನ ಹತ್ತಿರವೂ ಸುಳಿದಿಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ಈಗ ಹೊಡೆಯುತ್ತೇನೆ, ಬೀದಿಯವರೆಲ್ಲ ಎದ್ದು ಕಿಟಕಿ ಮುಚ್ಚುವಷ್ಟು. ಆದರೆ ಯಜಮಾನರು ಬದುಕಿದ್ದಾಗ ಹೊಡೆಯುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ, ನನ್ನ ವಿರುದ್ಧ ಸಾಕ್ಷಿ ಇತ್ತು. ಹಿಂದೆ ಒಂದು ಮಧ್ಯಾಹ್ನ ಅವರು ದಿಂಬಿನ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, ನನ್ನ ಗೊರಕೆ ಹಿಡಿದೆ ಎಂದು ಬಂದವರಿಗೆಲ್ಲ ಕೇಳಿಸಿದ್ದರು. ಅವರು ಹೋದರು, ಗೊರಕೆ ಹೋಗಲಿಲ್ಲ. ಅಳಿಯ ಆ ಟೇಪನ್ನು ತನ್ನ ಫೋನಿಗೆ ಇಳಿಸಿಕೊಂಡ. ನಾನು ಫೋನ್ ಮಾಡಿದಾಗಲೆಲ್ಲ ಅವನ ಆಫೀಸಿನಲ್ಲಿ ಅದೇ ಮೊಳಗುತ್ತದೆ. ಅಲ್ಲಿನವರಿಗೆ ನನ್ನ ಮುಖ ಗೊತ್ತಿಲ್ಲ, ಗೊರಕೆ ಗೊತ್ತು.

ಈ ಅಳಿಯ ಒಂದು ಹೆಡ್‌ಫೋನ್ ತರಿಸಿದ. ಕಿವಿಗೊಂದು ಊಟದ ತಟ್ಟೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. ಅದರ ಬೆಲೆಗೆ ಒಂದು ಫ್ರಿಜ್ಜು ಬಂದು, ಅದರ ತುಂಬ ಸಾಮಾನೂ ಬರುತ್ತಿತ್ತು ಎಂದು ಮಗಳ ಲೆಕ್ಕ. ಅದನ್ನಾದರೂ ಕ್ಷಮಿಸುತ್ತಿದ್ದಳೋ ಏನೋ, ಆದರೆ ಅದು ಹಾಡಬೇಕಲ್ಲ. ಫೋನಿಗೆ ಸಿಕ್ಕಿಸಿದರೆ ಸೊಳ್ಳೆ ನರಳಿದಷ್ಟು ಸದ್ದು. ಇದಕ್ಕೆ ಫೋನಿನ ಶಕ್ತಿ ಸಾಲದು, ಸರಿಯಾದ ಆಂಪ್ಲಿಫೈಯರ್ ಬೇಕು ಎಂದ. ಗೆಳೆಯರ ಹತ್ತಿರ ಕೇಳಿ ತಂದ. ಬೆಂಕಿಪೊಟ್ಟಣದಂಥದ್ದು ಬಂತು, ಸೋಪಿನ ಡಬ್ಬಿಯಂಥದ್ದು ಬಂತು, ನೀಲಿ ದೀಪ ಮಿನುಗಿಸುವ ಒಂದು ಬಂತು. ಸದ್ದು ಏರಿತು, ಜೀವ ಬರಲಿಲ್ಲ.

"ಅಳಿಯಂದಿರೇ, ಇದು ನಿಮ್ಮ ಹಾಗೇ. ಎಷ್ಟು ಬಡಿಸಿದ್ರೂ ಹೊಟ್ಟೆ ತುಂಬಲ್ಲ" ಎಂದೆ. ಪಾಪ, ನಗಲಿಲ್ಲ.

ಕೊಂಡದ್ದನ್ನು ಹಿಂದಿರುಗಿಸಲು ಅವತ್ತೇ ಕೊನೆಯ ದಿನ. ಅಂಗಡಿಯವರ ಕಡೆಯಿಂದ ಒಯ್ಯುವವನು ಸಂಜೆಯೊಳಗೆ ಬರುವವನಿದ್ದ. ಮಗಳು ಡಬ್ಬಿ ತೆರೆದಿಟ್ಟು ಕತ್ತರಿ, ಅಂಟುಪಟ್ಟಿ ಹಿಡಿದು ಕೂತಿದ್ದಳು. ಅಳಿಯ ಹೆಡ್‌ಫೋನನ್ನು ಎದೆಗವಚಿಕೊಂಡು ರೂಮಿನಿಂದ ಬಂದ, ಹೆತ್ತ ಕೂಸನ್ನು ಯಾರಿಗೋ ಒಪ್ಪಿಸಲು ಹೊರಟವನ ಹಾಗೆ. ಬಾಗಿಲ ಬಳಿ ಎಡವಿದ.

ಅಲ್ಲಿ ಬಾಗಿಲು ಗಾಳಿಗೆ ಬಡಿಯದಂತೆ ನಾನು ಒತ್ತಿಟ್ಟ ಭಾರವೊಂದಿದೆ. ಹಳೆಯ ಪರದೆ ಹರಿದು ಗವಸು ಹೊಲಿದು ಹಾಕಿದ್ದೇನೆ. ಮದುವೆಯಾದಾಗಿನಿಂದ ಅವನು ಅದಕ್ಕೆ ಎಡವುತ್ತಲೇ ಇದ್ದಾನೆ, ಒಳಗೇನಿದೆ ಎಂದು ಒಂದು ದಿನ ಕೇಳಿದವನಲ್ಲ. ಈ ಸಲ ಹೆಬ್ಬೆರಳು ಹಿಡಿದುಕೊಂಡು ಕೂತವನು ಸಿಟ್ಟಿಗೆ ಗವಸು ಕಿತ್ತ. ಕಿತ್ತವನು ಬೆರಳನ್ನೇ ಮರೆತ.

"ಅತ್ತೆ, ಇದು ಆಂಪ್ಲಿಫೈಯರ್ ಅಲ್ವಾ?"

"ನನಗೆ ಅದು ಬಾಗಿಲಿಗೆ ಒತ್ತಿಡೋದು. ನಿಮ್ಮ ಮಾವ ಹಾಡಿನ ಪೆಟ್ಟಿಗೆ ಅಂತಿದ್ರು. ಸ್ಪೀಕರುಗಳನ್ನ ಇಲಿ ತಿಂದ್ವು. ಇದಕ್ಕೆ ಅವುಗಳ ಹಲ್ಲು ಸಾಲಲಿಲ್ಲ."

ಅವನು ಇಷ್ಟು ದಿನ ಹೆಡ್‌ಫೋನ್ ಸಿಕ್ಕಿಸುವ ತೂತು ಇರುವುದನ್ನೇ ಹುಡುಕುತ್ತಿದ್ದನಂತೆ. ಇದರಲ್ಲಿ ತೂತೇ ಇಲ್ಲ. ಆದರೆ ಹಿಂದೆ ದೊಡ್ಡ ಸ್ಪೀಕರಿನ ವೈರು ಬಿಗಿಯುವ ತಿರುಪುಗಳಿವೆ, ನೇರ ಅಲ್ಲಿಗೇ ಕಟ್ಟಿದರೆ ಹೆಡ್‌ಫೋನಿನ ಹಸಿವು ತೀರುತ್ತದೆ ಎಂದ. ಸುಟ್ಟುಹೋದರೆ ವಾಪಸೂ ತೆಗೆದುಕೊಳ್ಳುವುದಿಲ್ಲ ಎಂದು ಮಗಳು ಎಚ್ಚರಿಸಿದಳು. ಗೊತ್ತು ಎಂದ. ಹೆಡ್‌ಫೋನಿಗೆಂದು ಬೇರೆ ಇಟ್ಟುಕೊಂಡಿದ್ದ ಕೇಬಲ್ಲಿನ ತುದಿ ಕತ್ತರಿಸಿ, ವೈರು ಸುಲಿದು ಬಿಗಿದ. ಫೋನನ್ನೂ ಪೆಟ್ಟಿಗೆಗೆ ಜೋಡಿಸಿ, ಸದ್ದಿನ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ ಸ್ವಿಚ್ ಹಾಕಿದ. ಒಳಗಿಂದ ಕಾದ ಧೂಳಿನ ವಾಸನೆ ಬಂತು. ನಾನು ಅಡುಗೆಮನೆಗೆ ಓಡಿದೆ, ಕಿವಿ ಮಾತ್ರ ಇಲ್ಲೇ ಬಿಟ್ಟಿದ್ದೆ.

ತೀರ್ಪು ಹೇಳುವವಳು ಮಗಳು. ಹೆಡ್‌ಫೋನ್ ತಲೆಗೆ ಏರಿಸಿಕೊಂಡು, "ನಿಮ್ಮ ಹಾಡು ಗೀಡು ಬೇಡ. ಅಮ್ಮನ ಗೊರಕೆ ಹಾಕಿ. ಅದು ನನಗೆ ಬಾಯಿಪಾಠ. ಅದರಲ್ಲಿ ಹೊಸದೇನಾದ್ರೂ ಕೇಳಿಸಿದ್ರೆ ಇದು ಇಲ್ಲೇ ಇರಲಿ" ಎಂದಳು.

"ಅದು ಯಾಕೆ ಈಗ? ಒಳ್ಳೆ ಹಾಡು ಹಾಕಿಸ್ಕೊ" ಎಂದು ನಾನು ಅಡುಗೆಮನೆಯಿಂದಲೇ ಇಣುಕಿ ಕೂಗಿದೆ. ಯಾರು ಕೇಳುತ್ತಾರೆ?

ಅಳಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಮಗಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು, ಯಾರೋ ಬೆನ್ನ ಹಿಂದೆ ಮಲಗಿದ್ದಾರೆ ಅನ್ನುವ ಹಾಗೆ. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು, ಒಯ್ಯುವವನು ಬಂದಿದ್ದ. ಅವಳು ಸುಮ್ಮನಿರಿ ಎಂದು ಕೈ ಎತ್ತಿದಳು.

"ಗೊರಕೆ ಹಿಂದೆ ಬಳೆ ಸದ್ದಿದೆ" ಎಂದಳು. "ಅಮ್ಮ ಎಚ್ಚರ ಇದ್ದಾಳೆ. ಹೊದಿಕೆ ಎಳೀತಿದ್ದಾಳೆ. ರೀ, ಇದು ಅಪ್ಪನ ಗೊರಕೆ."

ಆಮೇಲೆ ಇನ್ನೇನೋ ಕೇಳಿಸಿತು ಅವಳಿಗೆ. ಮತ್ತೆ ಹಾಕಿಸಿಕೊಂಡಳು. ಕತ್ತಿನವರೆಗೂ ಕೆಂಪಾದಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಕಣ್ಣು ಒರೆಸಿಕೊಂಡಳು, ಎದ್ದು ಹೋಗಿ ಬಾಗಿಲಲ್ಲಿ ನಿಂತವನನ್ನು ಒಂದು ಲೋಟ ನೀರು ಕೊಟ್ಟು ಕಳಿಸಿಬಿಟ್ಟಳು. ಅಳಿಯ ಯುದ್ಧ ಗೆದ್ದವನ ಹಾಗೆ ಕುಣಿದು, ತಾನೂ ಕೇಳುತ್ತೇನೆ ಎಂದು ಕೈಚಾಚಿದರೆ, "ಇದನ್ನೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ" ಎಂದು ಅವನ ಫೋನಿನಿಂದ ಅದನ್ನು ಅಳಿಸಿಯೇಬಿಟ್ಟಳು.

ಆ ಮಧ್ಯಾಹ್ನ ನನ್ನ ಗೊರಕೆ ಹಿಡಿಯಲು ಕೂತ ಯಜಮಾನರು ನನಗಿಂತ ಮೊದಲೇ ನಿದ್ದೆಹೋಗಿದ್ದರು. ಮಲಗಿದವರ ಕಿವಿಯಲ್ಲಿ ನಾನು ಒಂದು ಮಾತು ಹೇಳಿದೆ. ಹೇಳಿದ ಮೇಲೆ ಕಣ್ಣಿಗೆ ಬಿತ್ತು, ದಿಂಬಿನ ಪಕ್ಕ ಟೇಪು ತಿರುಗುತ್ತಿತ್ತು. ಗೊರಕೆ ನಿಮ್ಮದು ಎಂದು ವಾದಕ್ಕಿಳಿದಿದ್ದರೆ ಅವರು ಟೇಪನ್ನು ಕಿವಿಗೊಟ್ಟು ಕೇಳುತ್ತಿದ್ದರು, ಆ ಮಾತೂ ಸಿಕ್ಕಿಬೀಳುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು, ನೆಂಟರಿಷ್ಟರ ಎದುರೆಲ್ಲ ಗೊರಕೆಯವಳು ಅನ್ನಿಸಿಕೊಂಡೇ ಬದುಕಿದೆ. ಹಾಗಾದರೆ ಆ ಮಾತು ಎಂಥದ್ದಿರಬೇಕು? ನೀವೇ ಹೇಳಿ, ನೋಡೋಣ.