ಜಗಲಿಯ ಮೇಲಿನ ಕೆಂಪು ಗೆರೆ

ಹಸಿ ಪೇಂಟಿನ ವಾಸನೆ ಬಂದರೆ ನನಗೆ ಇಂದಿಗೂ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ಮಧ್ಯಾಹ್ನ ಚಾಮರಾಜಪೇಟೆಯ ನಮ್ಮ ಮನೆಗೆ ರಸ್ತೆ ಅಗಲ ಮಾಡುವವರು ಅಳತೆಯ ಟೇಪು ಹಿಡಿದು ಬಂದರು. ಟೇಪು ಗೇಟು ದಾಟಿತು, ಅಂಗಳ ದಾಟಿತು. ಇನ್ನಾದರೂ ನಿಲ್ಲಲಿ ಎಂದು ನಾನು ಅಮ್ಮನ ಸೆರಗು ಬಿಗಿಯಾಗಿ ಹಿಡಿದುಕೊಂಡೆ. ಕೊನೆಗೆ ಅಜ್ಜಿ ದಿನವೂ ಒರೆಸಿ ನುಣುಪಾಗಿದ್ದ ಕಲ್ಲು ಜಗಲಿಯ ನಡುವೆ ಕೆಂಪು ಗೆರೆ ಎಳೆದು ಹೋದರು.

"ಸುಮ್ನೆ ಅಳತೆ ತಗೊಂಡಿದಾರೆ ಅಷ್ಟೆ, ಏನೂ ಆಗಲ್ಲಮ್ಮ," ಎಂದು ಅಪ್ಪ ಅಜ್ಜಿಗೆ ಮತ್ತೆ ಮತ್ತೆ ಹೇಳಿದರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಇರಲಿಲ್ಲ. ಅಜ್ಜಿ ಜಗಲಿಯ ಮೇಲೆ, ಗೆರೆಯಿಂದ ಈಚೆಗೆ, ಬಾಗಿಲಿಗೆ ಒತ್ತಿಕೊಂಡು ಕೂತು ಪುಟ್ಟದೊಂದು ರಂಗೋಲಿ ಬಿಡಿಸುತ್ತಿದ್ದರು.

"ಅಂಗಳದಲ್ಲಿ ಯಾಕಜ್ಜಿ ಹಾಕಿಲ್ಲ?" ಎಂದೆ.

ಅಜ್ಜಿ ತಲೆ ಎತ್ತಲಿಲ್ಲ. "ಬಸ್ಸು ಓಡಾಡೋ ಜಾಗದಲ್ಲಿ ಯಾರಾದ್ರೂ ರಂಗೋಲಿ ಹಾಕ್ತಾರೇನೆ?"