ತಪಾಸಣೆಗೆ ಒಂದು ಕುರ್ಚಿ

ಆರು ವರ್ಷ ಅರ್ಜಿ ಹಾಕಿ ಪಡೆದ ತನ್ನ ಗಾಲಿಕುರ್ಚಿಯಲ್ಲಿ ಕೂತಿದ್ದ ಆಕೆ, ಅದರ ಬೆನ್ನಿಗೆ ಆಸ್ಪತ್ರೆಯ ಹೆಸರಿನ ಚೀಟಿ ಅಂಟಿಸುತ್ತಿದ್ದ ಮ್ಯಾನೇಜರನನ್ನು ತಿರುಗಿ ನೋಡಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ವಿಮಾ ಕಂಪನಿ ಸಾಹೇಬ್ರು ತಪಾಸಣಿಗೆ ಬಂದಾರ, ಅದಕ್ಕ ನಿಮ್ಮನ್ನ ಕರಸೇನ್ರಿ. ಅಂಗವಿಕಲರಿಗೆ ಗಾಲಿಕುರ್ಚಿ ಇಟ್ಟೀವಿ ಅಂತ ತೋರಿಸಿದ್ರನ ನಮ್ಮ ದವಾಖಾನಿ ಅವರ ಪಟ್ಟಿಗೆ ಸೇರೋದು. ಕೇಳಿದ್ರ, ಇದು ದವಾಖಾನಿದು ಅಂದುಬಿಡ್ರಿ. ಆಮ್ಯಾಲ ನಿಮ್ಮ ವಿಮಾ ಕಾರ್ಡಿನ ಮ್ಯಾಲ ಇಲ್ಲೇ ಪುಕ್ಕಟ ಡ್ರೆಸ್ಸಿಂಗ್."

ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಲು ಆಕೆ ವಾರಕ್ಕೆರಡು ಸಲ ಎರಡು ಬಸ್ಸು ಬದಲಿಸಿ, ಆ ಕಾರ್ಡು ನಡೆಯುವ ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಹೋಗಬೇಕಿತ್ತು. ಈ ಆಸ್ಪತ್ರೆ ಅವಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಆಗಲಿ ಎಂದು ತಲೆಯಾಡಿಸಿದಳು.

ಅಧಿಕಾರಿ ಬಂದು, "ಈ ಕುರ್ಚಿ ಯಾರದಮ್ಮಾ?" ಎಂದು ಕೇಳಿದ.

"ದವಾಖಾನಿದ್ರಿ. ನಾ ಬಂದಾಗೆಲ್ಲ ಇದರಾಗ ಕುಂಡ್ರಸ್ತಾರ," ಎಂದಳು.

ಹೇಳಿಕೊಡದ ಮಾತನ್ನೂ ಆಕೆ ಸೇರಿಸಿದ್ದು ಕೇಳಿ ಮ್ಯಾನೇಜರ್ ಮುಗುಳ್ನಕ್ಕ. ಅಧಿಕಾರಿ ಎಲ್ಲ ಬರೆದುಕೊಂಡು ಆಕೆಯ ಸಹಿ ಪಡೆದ.

ಅಧಿಕಾರಿಯ ಕಾರು ಹೋದ ಮೇಲೆ ಆಕೆ ಗೇಟಿನ ಕಡೆ ಚಕ್ರ ತಿರುಗಿಸಿದಳು. ವಾಚ್‌ಮನ್ ಅಡ್ಡ ನಿಂತ.

"ಇವಗ ಸ್ವಲ್ಪ ಹೇಳ್ರಿ," ಎಂದು ಆಕೆ ನಗುತ್ತಲೇ ಮ್ಯಾನೇಜರನನ್ನು ಕರೆದಳು.

"ತಡಿ ಅಂತ ನಾನ ಹೇಳೇನ್ರಿ ಅಂವಗ. ಸಾಹೇಬ್ರು ಯಾವಾಗ ಬೇಕಾದ್ರೂ ಮತ್ತ ಬಂದು ನೋಡ್ತಾರಂತ. ಕುರ್ಚಿ ಇಲ್ಲೇ ಇರಬೇಕು. ನೀವ ಸಹಿ ಮಾಡೀರಲ್ರಿ."

ಮ್ಯಾನೇಜರ್ ಇಬ್ಬರು ನರ್ಸುಗಳನ್ನು ಕೂಗಿದ.

"ಅಕ್ಕಾರನ್ನ ಹಗೂರಕ ಎತ್ತಿ ಗೇಟಿನ ಹೊರಗ ಕಟ್ಟಿ ಮ್ಯಾಲ ಕುಂಡ್ರಸ್ರಿ. ಬೆನ್ನಿಗೆ ಹುಣ್ಣೈತಿ."